ಮೊದಲ ಬೈಕಿನ ಆಯ್ಕೆ ಮತ್ತು ಆರೈಕೆ: ಎಂಜಿನ್‌ಗಿಂತ ಮುಂಚೆ ನೋಡಬೇಕಾದ್ದು

ಪ್ರಶ್ನೆ: ಇತ್ತೀಚೆಗಷ್ಟೇ ಬೈಕು ಓಡಿಸುವ ಪರವಾನಗಿ ಪಡೆದಿದ್ದೇನೆ. ಇದುವರೆಗೆ ಗೇರಿಲ್ಲದ ಸ್ಕೂಟರ್ ಓಡಿಸಿ ಮಾತ್ರ ಅಭ್ಯಾಸ. ನನ್ನ ಎತ್ತರ ಸುಮಾರು 160 ಸೆಂ.ಮೀ. ದಿನವೂ ಕೆಲಸಕ್ಕೆ ಹೋಗಿಬರಲು ಮತ್ತು ಆಗೊಮ್ಮೆ ಈಗೊಮ್ಮೆ ದೂರದ ಪ್ರಯಾಣಕ್ಕೆ ಒಂದು ಬೈಕು ಬೇಕಾಗಿದೆ. ಚಿಕ್ಕ ಎಂಜಿನ್‌ನದು ಬೇಗ ಬೇಸರ ತರಿಸುತ್ತದೆ, ಮೊದಲೇ ದೊಡ್ಡದನ್ನು ಕೊಳ್ಳಿ ಎನ್ನುವವರಿದ್ದಾರೆ. ಬೇಡ ಎನ್ನುವವರೂ ಇದ್ದಾರೆ. ಹೊಸದನ್ನೇ ಕೊಳ್ಳಬೇಕೇ, ಬಳಸಿದ್ದು ಆದೀತೇ? ಕೊಂಡ ಮೇಲೆ ಯಾವ ಕೆಲಸಗಳನ್ನು ನಾನೇ ಮಾಡಿಕೊಳ್ಳಬಹುದು, ಯಾವುದನ್ನು ಮೆಕ್ಯಾನಿಕ್‌ಗೆ ಬಿಡಬೇಕು?

ಉತ್ತರ: ನಿಮ್ಮ ಗೊಂದಲ ಎಂಜಿನ್‌ನ ಗಾತ್ರದಿಂದ ಶುರುವಾಗಿದೆ. ಮೊದಲ ಬೈಕು ಕೊಳ್ಳುವ ಹೆಚ್ಚಿನವರ ಗೊಂದಲವೂ ಅಲ್ಲಿಂದಲೇ ಶುರುವಾಗುತ್ತದೆ. ಕೊಂಡ ಮೇಲಿನ ಆರೈಕೆಯೂ ಎಂಜಿನ್ ಆಯಿಲ್‌ನಿಂದ ಶುರುವಾಗಿ ಅಲ್ಲಿಗೇ ಮುಗಿದುಬಿಡುವುದುಂಟು. ನನ್ನ ಅಭಿಪ್ರಾಯದಲ್ಲಿ ಈ ಅನುಕ್ರಮವನ್ನು ತಿರುವಿಹಾಕಬೇಕು. ಬೈಕು ನಿಮ್ಮ ಮೈಗೆ ಹೊಂದುತ್ತದೆಯೇ, ಹೇಗೆ ನಿಲ್ಲುತ್ತದೆ, ನೆಲಕ್ಕೆ ತಾಗುವ ಎರಡು ಟೈರುಗಳು ಹೇಗಿವೆ ಎಂಬುದನ್ನು ಮೊದಲು ನೋಡಿ, ಎಂಜಿನ್‌ನ ಮಾತನ್ನು ಕೊನೆಗೆ ಇಟ್ಟುಕೊಳ್ಳುವುದು ಕೊಳ್ಳುವಾಗಲೂ ಸರಿ, ಕೊಂಡ ಮೇಲೆ ನೋಡಿಕೊಳ್ಳುವಾಗಲೂ ಸರಿ. ಎಂಜಿನ್ ಕೆಟ್ಟರೆ ಬೈಕು ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ಟೈರು, ಬ್ರೇಕು ಅಥವಾ ಚೈನು ಕೈಕೊಟ್ಟರೆ ಅದು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಇದಕ್ಕೆ ಹಳೆಯದಾದರೂ ಗಟ್ಟಿಯಾದ ಒಂದು ಆಧಾರವಿದೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸುಮಾರು 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿಯನ್ನು ಪ್ರಕಟಿಸಿದರು. ಅಪಘಾತಕ್ಕೀಡಾದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಆ ನಿರ್ದಿಷ್ಟ ಬೈಕಿನ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಆದರೆ ರಸ್ತೆಯಲ್ಲಿ ಬೈಕು ಓಡಿಸಿದ ಅವರ ಒಟ್ಟು ಅನುಭವ ಮೂರು ವರ್ಷಗಳ ಆಸುಪಾಸಿನಲ್ಲಿತ್ತು. ಅಂದರೆ ಸವಾರಿ ಬಲ್ಲವರೂ ತಮ್ಮ ಕೈಯಲ್ಲಿದ್ದ ಬೈಕನ್ನು ಇನ್ನೂ ಅರಿತಿರಲಿಲ್ಲ. ವಾಹನದ ದೋಷದಿಂದಲೇ ಆದ ಅಪಘಾತಗಳು ಶೇ 3ಕ್ಕಿಂತ ಕಡಿಮೆಯಿದ್ದವು, ಅವುಗಳಲ್ಲಿ ಬಹುಪಾಲು ಪಂಕ್ಚರ್ ಆಗಿ ಹತೋಟಿ ತಪ್ಪಿದ್ದರಿಂದ ಆದವು. ಅಂದಿನಿಂದ ಬೈಕುಗಳು ಸಾಕಷ್ಟು ಬದಲಾಗಿವೆ, ಆದರೆ ಬೇಗ ಅರಿತುಕೊಳ್ಳಬಹುದಾದ ಬೈಕನ್ನು ಆರಿಸಬೇಕು, ಅದರ ಟೈರುಗಳ ಮೇಲೆ ಕಣ್ಣಿಡಬೇಕು ಎಂಬ ಎರಡು ಮಾತುಗಳು ಇಂದಿಗೂ ಬದಲಾಗಿಲ್ಲ.

ಮೈಗೆ ಹೊಂದುವ ವಿಚಾರಕ್ಕೆ ಬರೋಣ. ಸೀಟಿನ ಎತ್ತರವೆಂದು ಕಂಪನಿಗಳು ಮುದ್ರಿಸುವ ಅಂಕಿಯೊಂದನ್ನೇ ನಂಬಬೇಡಿ. 790 ಮಿ.ಮೀ. ಎತ್ತರದ ಸೀಟು ಮುಂಭಾಗದಲ್ಲಿ ಕಿರಿದಾಗಿದ್ದರೆ ಕಾಲು ನೇರವಾಗಿ ಇಳಿಯುತ್ತದೆ; ಅದೇ ಎತ್ತರದ ಸೀಟು ತೊಡೆಯ ಬಳಿ ಅಗಲವಾಗಿದ್ದರೆ ಕಾಲು ಹೊರಕ್ಕೆ ಚಾಚಿ, ನೆಲ ದೂರವಾಗುತ್ತದೆ. ನೀವು ಕುಳಿತಾಗ ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸವಾರಿಗೆ ಹಾಕುವ ಬೂಟುಗಳನ್ನೇ ಹಾಕಿಕೊಂಡು ಹೋಗಿ, ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ನೆಟ್ಟಗೆ ನಿಲ್ಲಿಸಿ ಕುಳಿತು ನೋಡಿ. ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಲೇಬೇಕೆಂದಿಲ್ಲ. ಎರಡೂ ಕಾಲುಗಳ ಮುಂಗಾಲು ಗಟ್ಟಿಯಾಗಿ ಊರಿದರೆ, ಅಥವಾ ಸ್ವಲ್ಪ ಸರಿದು ಒಂದು ಪಾದವನ್ನು ಪೂರ್ತಿ ಊರಿ ಬೈಕನ್ನು ನಿರಾಯಾಸವಾಗಿ ಹಿಡಿಯಲು ಸಾಧ್ಯವಾದರೆ ಸಾಕು. ನಂತರ ಹ್ಯಾಂಡಲನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ. ಹೊರಬದಿಯ ಕೈ ಪೂರ್ತಿ ಚಾಚದೆ ಲಿವರ್ ಹಿಡಿಯಲು ಸಾಧ್ಯವಾಗಬೇಕು. ಬೆರಳುಗಳು ಚಿಕ್ಕದಾಗಿರುವವರು ಲಿವರಿನ ದೂರವನ್ನು ಹೊಂದಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಎತ್ತರಕ್ಕಿಂತ ಭಾರ ದೊಡ್ಡ ಸಂಗತಿ. ಇಂಧನ, ಆಯಿಲ್ ಎಲ್ಲವೂ ಸೇರಿದ ತೂಕವನ್ನೇ ಕೇಳಿ ತಿಳಿಯಿರಿ, ಏಕೆಂದರೆ ಇಂಧನವಿಲ್ಲದ ತೂಕವನ್ನು ಹೇಳುವ ರೂಢಿಯೂ ಇದೆ. ಒಂದು ಲೀಟರ್ ಪೆಟ್ರೋಲು ಸುಮಾರು 750 ಗ್ರಾಂ ತೂಗುತ್ತದೆ. 12 ಲೀಟರಿನ ಟ್ಯಾಂಕ್ ತುಂಬಿದರೆ ಒಂಬತ್ತು ಕಿಲೋ, ಅದೂ ಬೈಕಿನ ಮೇಲ್ಭಾಗದಲ್ಲಿ. ಎಂಜಿನ್ ಬಂದ್ ಮಾಡಿ ಬೈಕನ್ನು ಹಿಂದಕ್ಕೆ ತಳ್ಳಿ, ತುಸು ಇಳಿಜಾರಿನಲ್ಲಿ ತಿರುಗಿಸಿ ನಿಲ್ಲಿಸಿ ನೋಡಿ. ಹೊಸ ಸವಾರರು ಬೈಕನ್ನು ಬೀಳಿಸುವುದು ಹೆಚ್ಚಾಗಿ ವೇಗದಲ್ಲಿ ಅಲ್ಲ, ನಿಲ್ಲಿಸುವಾಗ, ಹಿಂದಕ್ಕೆ ಸರಿಸುವಾಗ, ಸ್ಟ್ಯಾಂಡು ಹಾಕುವಾಗ. ನಿಮ್ಮ ಮೈಕಟ್ಟಿಗೆ 150 ಕಿಲೋ ಒಳಗಿನದು ಹಗುರವಾಗಿ ಒದಗುತ್ತದೆ. 180 ದಾಟಿದ್ದನ್ನು ಮೊದಲ ಬೈಕಾಗಿ ನಾನು ಸೂಚಿಸುವುದಿಲ್ಲ. ಎತ್ತರದ ಬೈಕನ್ನು ಕೊಂಡು ಶಾಕ್ ಅಬ್ಸಾರ್ಬರ್ ತಗ್ಗಿಸಿಕೊಳ್ಳಿ ಎಂಬ ಸಲಹೆಯೂ ಸಿಗುತ್ತದೆ. ಹಿಂಭಾಗವನ್ನು ಮಾತ್ರ ತಗ್ಗಿಸಿದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೋನ ಬದಲಾಗಿ ತಿರುವುಗಳಲ್ಲಿ ಬೈಕು ಮಂದವಾಗುತ್ತದೆ. ಸೈಡ್ ಸ್ಟ್ಯಾಂಡು ಉದ್ದವೆನಿಸಿ ನಿಂತಲ್ಲೇ ಆಚೆ ಬದಿಗೆ ಉರುಳುವ ಅಪಾಯವೂ ಉಂಟು. ಸೀಟಿನ ಫೋಮ್ ಸ್ವಲ್ಪ ತೆಗೆಸುವುದು ಇದಕ್ಕಿಂತ ನಿರಪಾಯಕರ.

ಇನ್ನು ನಿಲ್ಲುವ ವಿಚಾರ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಜರುಗುವುದರಿಂದ, ಒಣ ರಸ್ತೆಯಲ್ಲಿ ಬೈಕನ್ನು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಗಾಬರಿಯಲ್ಲಿ ಅದನ್ನು ಒಮ್ಮೆಲೇ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತದೆ ಎಂಬುದು ಹಳೆಯ ಭಯ. ಆ ಭಯದಿಂದಲೇ ಮುಂದಿನ ಬ್ರೇಕನ್ನು ಮುಟ್ಟದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಚಕ್ರ ಲಾಕ್ ಆಗುವ ಹಂತಕ್ಕೆ ಬಂದುದನ್ನು ಸೆನ್ಸರ್ ಗುರುತಿಸಿ ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ಎಬಿಎಸ್ ಆ ಭಯಕ್ಕೆ ಉತ್ತರ. 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100 ಬೈಕಿನಲ್ಲಿ ಎಲೆಕ್ಟ್ರಾನಿಕ್ ಎಬಿಎಸ್ ತಂದಾಗ ಅದು ದುಬಾರಿ ಬೈಕಿನ ಸವಲತ್ತಾಗಿತ್ತು. ಈಗ ಸಣ್ಣ ಬೈಕುಗಳಲ್ಲೂ ಸಿಗುತ್ತದೆ. ‘ಸಿಂಗಲ್ ಚಾನೆಲ್’ ಎಂದರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ, ‘ಡ್ಯುಯಲ್ ಚಾನೆಲ್’ ಎಂದರೆ ಎರಡಕ್ಕೂ. ಕನಿಷ್ಠ ಮುಂದಿನ ಚಕ್ರಕ್ಕಾದರೂ ಎಬಿಎಸ್ ಇಲ್ಲದ ಬೈಕನ್ನು ಹೊಸ ಸವಾರರು ಕೊಳ್ಳಬಾರದೆಂಬುದು ನನ್ನ ಸ್ಪಷ್ಟ ನಿಲುವು. ಬಣ್ಣ, ಡಿಜಿಟಲ್ ಮೀಟರ್, ಇನ್ನೊಂದು ಗೇರು ಇವುಗಳನ್ನೆಲ್ಲ ಬಿಟ್ಟುಕೊಟ್ಟಾದರೂ ಇದನ್ನು ಉಳಿಸಿಕೊಳ್ಳಿ. ಆದರೂ ಸಡಿಲ ಜಲ್ಲಿಯ ಮೇಲೆ ಎಬಿಎಸ್ ನಿಲ್ಲುವ ದೂರವನ್ನು ಹೆಚ್ಚಿಸಬಹುದು, ತಿರುವಿನಲ್ಲಿ ವಾಲಿರುವಾಗ ಸಾಮಾನ್ಯ ಎಬಿಎಸ್ ಪೂರ್ತಿ ಕಾಪಾಡುವುದಿಲ್ಲ ಎಂಬುದನ್ನು ನೆನಪಿಡಬೇಕು.

ಸ್ಕೂಟರಿನಿಂದ ಬರುತ್ತಿರುವ ನಿಮಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಂದಿನ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಇರುತ್ತದೆ, ಹಿಂದಿನ ಬ್ರೇಕು ಬಲಗಾಲಿಗೆ ಹೋಗುತ್ತದೆ. ಎದುರಿಗೆ ಏನಾದರೂ ಅಡ್ಡ ಬಂದಾಗ ಎಡಗೈ ಹಳೆಯ ಅಭ್ಯಾಸದಂತೆ ಬಿಗಿಯುತ್ತದೆ, ಕ್ಲಚ್ ಎಂಜಿನ್‌ನಿಂದ ಚಕ್ರದ ಸಂಪರ್ಕವನ್ನು ಬಿಡಿಸುತ್ತದೆ, ಎಂಜಿನ್ ಕೊಡುತ್ತಿದ್ದ ತಡೆಯೂ ತಪ್ಪಿ ಬೈಕು ಮುಂದಕ್ಕೆ ಓಡುತ್ತಲೇ ಇರುತ್ತದೆ. ಇದು ತಿಳಿವಳಿಕೆಯಿಂದ ಹೋಗುವ ಅಭ್ಯಾಸವಲ್ಲ, ಖಾಲಿ ಮೈದಾನದಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಕಲಿಯುವುದರಿಂದ ಮಾತ್ರ ಹೋಗುವಂಥದ್ದು. ಗಂಟೆಗೆ 30 ಕಿ.ಮೀ. ವೇಗದಿಂದ ಆರಂಭಿಸಿ, ಮುಂದಿನ ಬ್ರೇಕನ್ನು ಮೊದಲು ಮೆಲ್ಲಗೆ ಹಿಡಿದು ಭಾರ ಮುಂದಕ್ಕೆ ಬಂದಂತೆ ಹೆಚ್ಚು ಹಿಸುಕುತ್ತ, ಜೊತೆಗೇ ಬಲಗಾಲಿನಲ್ಲಿ ಹಿಂದಿನದನ್ನು ಹಗುರವಾಗಿ ಒತ್ತಿ, ನಿಲ್ಲುವ ಕೊನೆಯ ಕ್ಷಣದಲ್ಲಿ ಕ್ಲಚ್ ಹಿಡಿಯುವುದನ್ನು ಅಭ್ಯಾಸ ಮಾಡಿ. ಸಂದಣಿಯ ರಸ್ತೆಗೆ ಇಳಿಯುವುದಕ್ಕೆ ಮೊದಲು ಇದು ಆಗಲೇಬೇಕು.

ಚಕ್ರಗಳ ಬಗ್ಗೆ ನನ್ನ ಆಯ್ಕೆ ಸರಳ: ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಟ್ಯೂಬ್ ಇರುವ ಟೈರಿಗೆ ಮೊಳೆ ಚುಚ್ಚಿದಾಗ ಗಾಳಿ ಒಮ್ಮೆಲೇ ಹೋಗಿಬಿಡಬಹುದು. ಟ್ಯೂಬ್‌ಲೆಸ್ ಟೈರು ಚುಚ್ಚಿದ ಮೊಳೆಯನ್ನೇ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ, ನಿಮಗೆ ನಿಲ್ಲಿಸಲು ಸಮಯ ಸಿಗುತ್ತದೆ. ಸ್ಪೋಕ್ ಚಕ್ರಗಳು ಒರಟು ಹಾದಿಯಲ್ಲಿ ಪೆಟ್ಟು ತಾಳಿಕೊಳ್ಳುವುದು ನಿಜ, ಆದರೆ ನಿಮ್ಮ ಬಳಕೆಗೆ ಆ ಗುಣದ ಅಗತ್ಯ ಕಾಣುವುದಿಲ್ಲ.

ಈಗ ಎಂಜಿನ್. ಸಿಸಿ ಎಂಬುದು ಸಿಲಿಂಡರಿನ ಗಾತ್ರದ ಅಳತೆಯೇ ಹೊರತು ಶಕ್ತಿಯ ಅಳತೆಯಲ್ಲ. ನಿಧಾನವಾಗಿ ತಿರುಗುವ, ಒಂದೇ ಸಿಲಿಂಡರಿನ 350 ಸಿಸಿ ಎಂಜಿನ್ 20 ಅಶ್ವಶಕ್ತಿಯ ಆಸುಪಾಸಿನಲ್ಲಿ ಇರಬಹುದು. ವೇಗವಾಗಿ ತಿರುಗುವಂತೆ ಕಟ್ಟಿದ, 400 ಸಿಸಿ ಒಳಗಿನ ಒಂದೇ ಸಿಲಿಂಡರಿನ ಎಂಜಿನ್ 40 ದಾಟುತ್ತದೆ. ನಾಲ್ಕು ಸಿಲಿಂಡರಿನ ರೇಸ್ ಮಾದರಿಯ 400 ಸಿಸಿ ಎಂಜಿನ್ 75ನ್ನೂ ಮೀರುತ್ತದೆ. ಈ ಕಾರಣಕ್ಕೇ ಯುರೋಪಿನ ಪರವಾನಗಿ ನಿಯಮಗಳು ಸಿಸಿಯನ್ನಷ್ಟೇ ನೆಚ್ಚದೆ ಶಕ್ತಿಯನ್ನೂ ತೂಕವನ್ನೂ ಒಟ್ಟಿಗೆ ಅಳೆಯುತ್ತವೆ: ಮೊದಲ ಹಂತದ ಎ1 ಪರವಾನಗಿಗೆ 125 ಸಿಸಿ, 11 ಕಿಲೋವ್ಯಾಟ್ ಮತ್ತು ಪ್ರತಿ ಕಿಲೋ ತೂಕಕ್ಕೆ 0.1 ಕಿಲೋವ್ಯಾಟ್ ಮಿತಿ. ನಡುವಿನ ಎ2 ಹಂತಕ್ಕೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿ, ಮತ್ತು ಪ್ರತಿ ಕಿಲೋಗೆ 0.2 ಕಿಲೋವ್ಯಾಟ್. ನೀವು ಎಲ್ಲಿಯೇ ಇರಿ, ಕೊಳ್ಳಲಿರುವ ಬೈಕಿನ ಶಕ್ತಿಯನ್ನು ತೂಕದಿಂದ ಭಾಗಿಸಿ ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ, ಅದು ಕಲಿಯುವವರ ಬೈಕೇ ಅಲ್ಲವೇ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ನಿಮ್ಮ ಬಳಕೆಗೆ 125ರಿಂದ 250 ಸಿಸಿ ನಡುವಿನ, ಒಂದೇ ಸಿಲಿಂಡರಿನ, 11ರಿಂದ 25 ಅಶ್ವಶಕ್ತಿಯ, ನೆಟ್ಟಗೆ ಕುಳಿತು ಓಡಿಸುವ ಸಾದಾ ವಿನ್ಯಾಸದ ಬೈಕು ಸರಿಹೋಗುತ್ತದೆ. ದೂರದ ಪ್ರಯಾಣವೂ ಇರುವುದರಿಂದ ಆ ವ್ಯಾಪ್ತಿಯ ಮೇಲ್ಭಾಗವನ್ನು ನೋಡಬಹುದು. ಓಡಿಸಿ ನೋಡುವಾಗ ಗರಿಷ್ಠ ವೇಗವನ್ನು ಪರೀಕ್ಷಿಸಬೇಡಿ; ಕಡಿಮೆ ವೇಗದಲ್ಲಿ ಎಕ್ಸಲರೇಟರನ್ನು ಒಂದಿಷ್ಟು ತಿರುಗಿಸಿದಾಗ ಬೈಕು ಅಷ್ಟೇ ಪ್ರಮಾಣದಲ್ಲಿ ಮುಂದೆ ಹೋಗುತ್ತದೆಯೇ, ಅಥವಾ ಜಿಗಿಯುತ್ತದೆಯೇ ಎಂದು ನೋಡಿ. ಹೊಸಬರ ಮಣಿಕಟ್ಟು ಗುಂಡಿಯೊಂದರ ಮೇಲೆ ಹಾರಿದಾಗಲೂ ಅರಿವಿಲ್ಲದೆ ತಿರುಗುತ್ತದೆ. ಸಣ್ಣ ಎಂಜಿನ್ ಆ ತಪ್ಪನ್ನು ಒಂದು ಚಿಕ್ಕ ಎಳೆತದಲ್ಲಿ ಮುಗಿಸುತ್ತದೆ, ದೊಡ್ಡದು ಮುಂದಿನ ವಾಹನದ ಬಳಿಗೆ ಒಯ್ಯುತ್ತದೆ. ಬೇಸರವಾಗುತ್ತದೆ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ಆಗಲಿ, ಆಗ ಮಾರಿ. ಸಣ್ಣ ಬೈಕು ಕೊಳ್ಳುವವರು ಯಾವಾಗಲೂ ಸಿಗುತ್ತಾರೆ.

ಹೊಸದೋ ಬಳಸಿದ್ದೋ ಎಂಬುದು, ಬೈಕು ನೋಡಿ ಹೇಳಬಲ್ಲವರೊಬ್ಬರು ನಿಮ್ಮ ಜೊತೆ ಬರುತ್ತಾರೆಯೇ ಎಂಬುದನ್ನು ಅವಲಂಬಿಸಿದೆ. ಬರುವುದಾದರೆ ಬಳಸಿದ್ದೇ ಮೇಲು. ಮೊದಲ ವರ್ಷದಲ್ಲಿ ಬೈಕು ಒಮ್ಮೆಯಾದರೂ ಉರುಳುವ ಸಾಧ್ಯತೆ ಇದೆ, ಆಗಲೇ ಒಂದೆರಡು ಗೀರು ಇರುವ ಬೈಕು ಬಿದ್ದರೆ ಮನಸ್ಸಿಗೂ ಜೇಬಿಗೂ ಪೆಟ್ಟು ಕಡಿಮೆ. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು ಬರುತ್ತವೆ. ಇವುಗಳನ್ನು ಬೈಕಿನ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು, ಆಮೇಲೆ ನೋಡೋಣ ಎಂದು ಮುಂದೂಡಬಾರದು. ನೋಡಿ ಹೇಳುವವರು ಯಾರೂ ಇಲ್ಲದಿದ್ದರೆ ಹೊಸದನ್ನು ಕೊಳ್ಳಿ.

ಬಳಸಿದ ಬೈಕು ನೋಡಲು ಹೋದಾಗ ಮೊದಲು ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ದಾಖಲೆಯೊಂದಿಗೆ ತಾಳೆ ನೋಡಿ. ತಾಳೆಯಾಗದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ನಂತರ ಎಂಜಿನ್‌ನ ಬಳಿ ಕೈಯಿಟ್ಟು ನೋಡಿ, ಅದು ತಣ್ಣಗಿರಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗಲು ಸತಾಯಿಸುವ ಬೈಕಿರಬಹುದೆಂದು ಸಂಶಯಿಸಿ. ಸ್ಟಾರ್ಟ್ ಆದಾಗ ಮೊದಮೊದಲು ಕಾಣುವ ತೆಳ್ಳನೆಯ ಬಿಳಿ ಆವಿ ಸಹಜ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಬಣ್ಣದ ನೊರೆ ಕಂಡರೆ ನೀರು ಸೇರಿದೆ ಎಂದರ್ಥ. ಬಿದ್ದ ಬೈಕು ತನ್ನ ಕತೆಯನ್ನು ಲಿವರ್‌ಗಳ ತುದಿ, ಹ್ಯಾಂಡಲಿನ ತುದಿ ಮತ್ತು ಫುಟ್‌ರೆಸ್ಟ್‌ನ ಅಂಚಿನಲ್ಲಿ ಬರೆದಿರುತ್ತದೆ. ಅಲ್ಲಿನ ಗೀರುಗಳಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಹ್ಯಾಂಡಲ್ ಕೊನೆಯವರೆಗೆ ತಿರುಗಿದಾಗ ಬಂದು ತಾಗುವ ತಡೆಗಳು ಜಜ್ಜಿಹೋಗಿದ್ದರೆ, ಏಕೆಂದರೆ ಅದು ಮುಂಭಾಗಕ್ಕೆ ಬಲವಾದ ಪೆಟ್ಟು ಬಿದ್ದುದರ ಗುರುತು, ಫ್ರೇಮ್ ಬಾಗಿರಲೂಬಹುದು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲಿಯಾದರೂ ಕಚ್ಚಿಕೊಂಡಂತೆ ನಿಂತರೆ ಹ್ಯಾಂಡಲಿನ ಬುಡದಲ್ಲಿರುವ ಕೋನ್‌ಸೆಟ್ ಬೇರಿಂಗ್ ಸವೆದಿದೆ. ಫೋರ್ಕಿನ ಕೊಳವೆಗಳ ಮೇಲೆ ಎಣ್ಣೆಯ ಪಸೆ ಇದ್ದರೆ ಸೀಲ್ ಹೋಗಿದೆ. ಕಿಲೋಮೀಟರ್ ಅಂಕಿಯನ್ನು ತಿದ್ದುವವರಿದ್ದಾರೆ, ಆದರೆ ಗೇರ್ ಪೆಡಲಿನ ರಬ್ಬರು ಮತ್ತು ಫುಟ್‌ರೆಸ್ಟ್ ಎಷ್ಟು ಸವೆದಿವೆ ಎಂಬುದನ್ನು ಮರೆಮಾಚುವ ಗೋಜಿಗೆ ಹೋಗುವವರು ಕಡಿಮೆ.

ಹೊಸದನ್ನು ಕೊಂಡರೆ ಮೊದಲ ಸರ್ವಿಸ್‌ವರೆಗೆ ಎಂಜಿನ್ ವೇಗವನ್ನು ಏರಿಳಿಸುತ್ತ ಓಡಿಸಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ದೊಡ್ಡ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆಯೂ ಎಳೆಸಬೇಡಿ. ಆ ಮೊದಲ ಸರ್ವಿಸ್ ಸಾಮಾನ್ಯವಾಗಿ 500ರಿಂದ 1,000 ಕಿ.ಮೀ. ಒಳಗೆ ಬರುತ್ತದೆ, ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸವೆದ ಲೋಹದ ಕಣಗಳು ಆಯಿಲ್‌ನಲ್ಲಿ ಇರುವುದರಿಂದ ಅದನ್ನು ತಪ್ಪಿಸಬೇಡಿ. ಹೊಸ ಟೈರುಗಳ ಮೇಲ್ಮೈ ಆರಂಭದಲ್ಲಿ ನುಣುಪಾಗಿರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅದು ಸ್ವಲ್ಪ ಒರಟಾಗುವವರೆಗೆ ತಿರುವುಗಳಲ್ಲಿ ವಾಲಿಸುವುದೂ ಗಟ್ಟಿಯಾಗಿ ಬ್ರೇಕ್ ಹಿಡಿಯುವುದೂ ಬೇಡ.

ಆರೈಕೆಯಲ್ಲಿ ಮೊದಲ ಸ್ಥಾನ ಟೈರಿನದು. ವಾರಕ್ಕೊಮ್ಮೆ, ಬೆಳಿಗ್ಗೆ ಬೈಕನ್ನು ಹೊರಗೆ ತೆಗೆಯುವ ಮೊದಲು, ಟೈರು ತಣ್ಣಗಿರುವಾಗಲೇ ಗಾಳಿಯ ಒತ್ತಡ ನೋಡಬೇಕು. ಓಡಿದ ಟೈರು ಬಿಸಿಯಾಗಿ ಒತ್ತಡ ಏರಿರುತ್ತದೆ, ಆಗ ಅಂಕಿ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆಯಾಗುತ್ತದೆ. ಇದಕ್ಕಾಗಿ ನಿಮ್ಮದೇ ಒಂದು ಚಿಕ್ಕ ಗೇಜ್ ಇಟ್ಟುಕೊಳ್ಳಿ. ಎಷ್ಟಿರಬೇಕೆಂಬುದು ಮಾಲೀಕರ ಕೈಪಿಡಿಯಲ್ಲಿ, ಹಲವು ಬೈಕುಗಳಲ್ಲಿ ಚೈನ್ ಕವರಿನ ಸ್ಟಿಕ್ಕರಿನ ಮೇಲೆಯೂ ಇರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಂಕಿ ಆ ಟೈರಿನ ಗರಿಷ್ಠ ಹೊರೆಗೆ ಸಂಬಂಧಿಸಿದ್ದು, ನೀವು ತುಂಬಿಸಬೇಕಾದ ಪ್ರಮಾಣವಲ್ಲ. ಗಾಳಿ ಕಡಿಮೆಯಿದ್ದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾದು ಒಳಗಿಂದ ದುರ್ಬಲವಾಗುತ್ತದೆ, ಹ್ಯಾಂಡಲ್ ಭಾರವೆನಿಸುತ್ತದೆ. ಹೆಚ್ಚಿದ್ದರೆ ನೆಲಕ್ಕೆ ತಾಗುವ ಭಾಗ ಕಿರಿದಾಗಿ ನಡುಭಾಗ ಬೇಗ ಸವೆಯುತ್ತದೆ. ಟೈರಿನ ತೋಡುಗಳ ನಡುವೆ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ, ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರು ಬದಲಿಸಲೇಬೇಕು. ಬದಿಯಲ್ಲಿ ಅಚ್ಚಾದ ತಯಾರಿಕೆಯ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಲು ಕಲಿಯಿರಿ: 2322 ಎಂದಿದ್ದರೆ 2022ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಬೈಕೆಂದು ಹೇಳಿ ಮಾರುವ ಬೈಕಿನಲ್ಲಿ ತೋಡುಗಳು ಆಳವಾಗಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಟ್ಟ ಹಳೆಯ ಟೈರು ಇರುವುದುಂಟು. ಮೂಲ ಅಳತೆಗಿಂತ ಅಗಲವಾದ ಟೈರು ಹಾಕಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಕಿರಿದಾದ ರಿಮ್ಮಿನ ಮೇಲೆ ಅದರ ಆಕಾರವೇ ಕೆಟ್ಟು ಬೈಕು ತಿರುವಿಗೆ ವಾಲಲು ತಡಮಾಡುತ್ತದೆ.

ಎರಡನೆಯದು ಬ್ರೇಕು. ಡಿಸ್ಕ್ ಬ್ರೇಕಿನ ಪ್ಯಾಡ್‌ಗಳಲ್ಲಿ ಸವೆತ ತೋರಿಸುವ ಗೀಟು ಇರುತ್ತದೆ, ಟಾರ್ಚ್ ಹಿಡಿದು ತಿಂಗಳಿಗೊಮ್ಮೆ ನೋಡಿದರೆ ಸಾಕು. ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್‌ನ ಮಟ್ಟ ಇಳಿಯುತ್ತದೆ, ಆದ್ದರಿಂದ ಮಟ್ಟ ಇಳಿದಿದೆಯೆಂದು ಕಂಡ ಕೂಡಲೇ ಸುರಿದು ತುಂಬುವ ಬದಲು ಪ್ಯಾಡನ್ನೂ ಸೋರಿಕೆಯನ್ನೂ ಪರೀಕ್ಷಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ‘ಡಾಟ್ 4’ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ರ ಸುಮಾರಿಗೆ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕಾದ ದ್ರವ ಕುದಿದು ಆವಿಯಾಗುತ್ತದೆ. ಆವಿ ಕುಗ್ಗುತ್ತದೆ, ದ್ರವದಂತೆ ಒತ್ತಡವನ್ನು ದಾಟಿಸುವುದಿಲ್ಲ. ಲಿವರ್ ಹಿಡಿಯವರೆಗೆ ಬಂದರೂ ಬೈಕು ನಿಲ್ಲುವುದಿಲ್ಲ. ಹೀಗಾಗಿ ಎಷ್ಟೇ ಕಡಿಮೆ ಓಡಿಸಿದ್ದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ ಬಳಸಿ. ಸಿಲಿಕೋನ್ ಆಧಾರಿತ ‘ಡಾಟ್ 5’ ಅನ್ನು ಬೇರೆಯವುಗಳ ಜೊತೆ ಬೆರೆಸುವಂತಿಲ್ಲ.

ಮೂರನೆಯದು ಚೈನು. ಹೊಸ ಸವಾರರು ತಮ್ಮ ಕೈಯಿಂದಲೇ ಮಾಡಿ ಕಲಿಯಬೇಕಾದ ಕೆಲಸ ಯಾವುದಾದರೂ ಇದ್ದರೆ ಇದು. ಎಲ್ಲಕ್ಕಿಂತ ಮೊದಲ ನಿಯಮ: ಎಂಜಿನ್ ಓಡುತ್ತಿರುವಾಗ, ಚಕ್ರ ತಾನಾಗಿ ತಿರುಗುತ್ತಿರುವಾಗ ಚೈನಿನ ಬಳಿ ಬಟ್ಟೆಯನ್ನಾಗಲಿ ಬ್ರಷ್ಷನ್ನಾಗಲಿ ಒಯ್ಯಬಾರದು. ಹೀಗೆ ಬೆರಳು ಕಳೆದುಕೊಂಡವರಿದ್ದಾರೆ. ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಮತ್ತು ಮೃದುವಾದ ಬ್ರಷ್ಷಿನಿಂದ ಕೊಳೆ ತೆಗೆದು, ಒರೆಸಿ, ಆಮೇಲೆ ಲೂಬ್ ಹಾಕಬೇಕು. ಓ-ರಿಂಗ್ ಇರುವ ಚೈನಿನಲ್ಲಿ ಪಿನ್ನುಗಳೊಳಗಿನ ಗ್ರೀಸನ್ನು ಆ ರಬ್ಬರು ಬಳೆಗಳೇ ಕಾಪಾಡುತ್ತವೆ, ಪೆಟ್ರೋಲು ಅವುಗಳನ್ನು ಕೆಡಿಸುತ್ತದೆ, ಆದ್ದರಿಂದ ಪೆಟ್ರೋಲಿನಿಂದ ತೊಳೆಯಬೇಡಿ. ಸವಾರಿ ಮುಗಿಸಿ ಬಂದಾಗ ಚೈನು ಬೆಚ್ಚಗಿರುತ್ತದೆ. ಆಗ ಕೆಳಸಾಲಿನ ಒಳಮೈಗೆ ಲೂಬ್ ಹಾಕಿ ರಾತ್ರಿ ಬಿಟ್ಟರೆ ಅದು ಒಳಗೆ ಇಳಿದು ನಿಲ್ಲುತ್ತದೆ, ಮರುದಿನ ಟೈರಿನ ಮೇಲೆ ಸಿಡಿಯುವುದಿಲ್ಲ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲೇ ಮಾಡಬೇಕು.

ಚೈನಿನ ಬಿಗುವನ್ನು, ಅದು ಸುತ್ತುವ ಎರಡು ಹಲ್ಲಿನ ಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ ನಡುವೆ, ಕೆಳಸಾಲಿನ ಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಅಳೆಯುತ್ತಾರೆ. ಬಹಳಷ್ಟು ಬೈಕುಗಳಿಗೆ ಅದು 20ರಿಂದ 35 ಮಿ.ಮೀ. ಒಳಗಿರುತ್ತದೆ, ನಿಮ್ಮ ಬೈಕಿನದನ್ನು ಕೈಪಿಡಿಯಲ್ಲಿ ನೋಡಿ. ಚೈನು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಚಕ್ರವನ್ನು ತಿರುಗಿಸುತ್ತ ಅತಿ ಬಿಗಿಯಾದ ಜಾಗವನ್ನು ಹುಡುಕಿ ಅಲ್ಲಿಯೇ ಅಳೆಯಬೇಕು. ಸಡಿಲವಾದರೆ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು ಎಂಬ ಭಯದಿಂದ ಹೊಸಬರು ಅದನ್ನು ಅತಿಯಾಗಿ ಬಿಗಿ ಮಾಡುತ್ತಾರೆ. ಅದೂ ತಪ್ಪು. ಬೈಕಿನ ಮೇಲೆ ಭಾರ ಬಿದ್ದು ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತದೆ. ಮೊದಲೇ ಬಿಗಿಯಾಗಿದ್ದ ಚೈನು ಆಗ ಗೇರ್‌ಬಾಕ್ಸಿನ ಶಾಫ್ಟನ್ನೂ ಅದರ ಬೇರಿಂಗನ್ನೂ ಜಗ್ಗುತ್ತದೆ. ಹೊಂದಿಸುವಾಗ ಎರಡೂ ಬದಿಯ ಗುರುತುಗಳು ಸಮನಾಗಿರಲಿ, ಇಲ್ಲವಾದರೆ ಚಕ್ರ ಓರೆಯಾಗುತ್ತದೆ. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಒಂದು ಬದಿಗೆ ಬಾಗಿದ್ದರೆ ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಸೆಟ್ಟಾಗಿಯೇ ಬದಲಿಸಿ, ಏಕೆಂದರೆ ಹಳೆಯ ಹಲ್ಲುಗಳು ಹೊಸ ಚೈನನ್ನು ಬೇಗ ಹಾಳುಮಾಡುತ್ತವೆ.

ಕೊನೆಗೆ ಎಂಜಿನ್ ಆಯಿಲ್. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶಗಳಿರುವುದುಂಟು, ಅವು ಕ್ಲಚ್ ಪ್ಲೇಟುಗಳು ಜಾರುವಂತೆ ಮಾಡುತ್ತವೆ. ಡಬ್ಬದ ಮೇಲೆ ಇಂಥ ಕ್ಲಚ್‌ಗೆ ಹೊಂದುವ ದರ್ಜೆಯಾದ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿದೆಯೇ ನೋಡಿ. ‘ಎಂಬಿ’ ಎಂದಿರುವುದು ಗೇರಿಲ್ಲದ ಸ್ಕೂಟರುಗಳಿಗೆ, ನಿಮ್ಮ ಹಳೆಯ ಸ್ಕೂಟರಿನ ಆಯಿಲ್ ಉಳಿದಿದ್ದರೆ ಅದನ್ನು ಬೈಕಿಗೆ ಸುರಿಯಬೇಡಿ. ದಪ್ಪ ಎಷ್ಟಿರಬೇಕು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದಕ್ಕೆ ಕೈಪಿಡಿಯೇ ಪ್ರಮಾಣ. ಮಟ್ಟವನ್ನು ಸಮತಟ್ಟಾದ ನೆಲದಲ್ಲಿ, ಬೈಕನ್ನು ನೆಟ್ಟಗೆ ನಿಲ್ಲಿಸಿ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿರುವ ಬೈಕಿನ ಮಟ್ಟ ತಪ್ಪಾಗಿ ಕಾಣುತ್ತದೆ. ಗರಿಷ್ಠ ಗುರುತು ಮೀರಿ ತುಂಬುವುದೂ ಹಾನಿಕರ.

ಉಳಿದವು ಚಿಕ್ಕ ಕೆಲಸಗಳು. ಕ್ಲಚ್ ಲಿವರಿನ ತುದಿಯಲ್ಲಿ ಸುಮಾರು 10ರಿಂದ 20 ಮಿ.ಮೀ. ಸಡಿಲು ಇರಲಿ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿ ನೋಡಿ, ಸದ್ದು ಏರಿದರೆ ಎಕ್ಸಲರೇಟರ್ ಕೇಬಲ್ ಎಳೆಯುತ್ತಿದೆ, ಕೂಡಲೇ ಸರಿಪಡಿಸಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6ರಿಂದ 12.8 ವೋಲ್ಟ್ ತೋರಿಸಬೇಕು. ಅಧಿಕ ಒತ್ತಡದ ನೀರನ್ನು ಚಕ್ರದ ಬೇರಿಂಗು, ಕೋನ್‌ಸೆಟ್, ಚೈನು ಇವುಗಳಿಗೆ ನೇರವಾಗಿ ಹಿಡಿಯಬೇಡಿ. ರೇಡಿಯೇಟರ್ ಇರುವ ಬೈಕಾದರೆ ಬಿಸಿಯಿರುವಾಗ ಅದರ ಮುಚ್ಚಳ ತೆರೆಯಲೇಬೇಡಿ.

ಹೀಗೆ ಗಾಳಿ, ಚೈನು, ಕೇಬಲ್‌ಗಳ ಸಡಿಲು, ಪ್ಯಾಡ್‌ಗಳ ತಪಾಸಣೆ, ಬ್ಯಾಟರಿ, ಏರ್ ಫಿಲ್ಟರ್ ಸ್ವಚ್ಛತೆ, ಸ್ವಲ್ಪ ಅನುಭವವಾದ ಮೇಲೆ ಆಯಿಲ್ ಬದಲಾವಣೆ ಇಷ್ಟನ್ನು ನೀವೇ ಮಾಡಿಕೊಳ್ಳಬಹುದು. ಬ್ರೇಕ್ ಆಯಿಲ್ ಬದಲಿಸಿ ಗಾಳಿ ತೆಗೆಯುವುದು, ಕೋನ್‌ಸೆಟ್, ಫೋರ್ಕ್ ಸೀಲ್, ಚಕ್ರದ ಬೇರಿಂಗ್, ಟೈರು ಕಳಚಿ ಹಾಕುವುದು, ಎಂಜಿನ್ ವಾಲ್ವ್‌ಗಳ ಸಂದು (ವಾಲ್ವ್ ಕ್ಲಿಯರೆನ್ಸ್) ಹೊಂದಿಸುವುದು ಇವುಗಳನ್ನು ಮೆಕ್ಯಾನಿಕ್‌ಗೇ ಬಿಡಿ; ಸಾಧ್ಯವಾದರೆ ಪಕ್ಕದಲ್ಲಿ ನಿಂತು ನೋಡಿ. ನೀವೇ ಮಾಡುವ ಕೆಲಸಗಳಲ್ಲಿ ಹೊಸಬರು ಹೆಚ್ಚಾಗಿ ಎಡವುವುದು ನಟ್ಟು ಬೋಲ್ಟುಗಳನ್ನು ಬಲವಾಗಿ ಬಿಗಿಯುವುದರಲ್ಲಿ. ಆಯಿಲ್ ಇಳಿಸುವ ಬೋಲ್ಟು ಮೃದುವಾದ ಅಲ್ಯೂಮಿನಿಯಂ ಮರೆಗಳಲ್ಲಿ (ಥ್ರೆಡ್‌ಗಳಲ್ಲಿ) ಕೂರುತ್ತದೆ, ಅತಿಯಾಗಿ ತಿರುವಿದರೆ ಮರೆ ಹೋಗಿ ದೊಡ್ಡ ದುರಸ್ತಿಯಾಗುತ್ತದೆ. ಹಿಂದಿನ ಚಕ್ರದ ಆಕ್ಸಲ್ ನಟ್ಟು ಇದಕ್ಕೆ ವಿರುದ್ಧವಾಗಿ ಸಾಕಷ್ಟು ಬಿಗಿಯಾಗದೆ ಉಳಿಯುತ್ತದೆ. ಆದ್ದರಿಂದ ಅಲಂಕಾರದ ದೀಪ, ಬೇರೆ ಸೈಲೆನ್ಸರ್ ಇತ್ಯಾದಿಗಳಿಗಿಂತ ಮೊದಲು, ಬಿಗಿಯುವ ಬಲವನ್ನು ಅಳೆದು ತೋರಿಸುವ ಒಂದು ಟಾರ್ಕ್ ರೆಂಚ್ ಕೊಳ್ಳಿ, ಬಿಗಿಯಬೇಕಾದ ಪ್ರಮಾಣವನ್ನು ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೊಸ ಬೈಕಾದರೆ ವಾರಂಟಿ ಮುಗಿಯುವವರೆಗೆ ನಿಗದಿತ ಸರ್ವಿಸ್‌ಗಳನ್ನು ಅದರ ಷರತ್ತಿನಂತೆಯೇ ಮಾಡಿಸಿ ರಸೀದಿಗಳನ್ನು ಇಟ್ಟುಕೊಳ್ಳಿ. ನೀವೇ ಮಾಡಿದ ಕೆಲಸಗಳನ್ನೂ ದಿನಾಂಕ ಮತ್ತು ಕಿಲೋಮೀಟರ್ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಬೈಕನ್ನು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.